ಟೊಮೆಟೊ ಹೂ ಉದುರುತ್ತಿದ್ದರೆ ಮೊದಲು ಗೊಬ್ಬರ ನಿಲ್ಲಿಸಿ

ಮೊದಲ ಸಲ ಬಯಲಲ್ಲಿ ಟೊಮೆಟೊ ಹಾಕಿದ್ದೀರಿ. ಗಿಡ ನಾಲ್ಕು ಅಡಿ ಬೆಳೆದಿದೆ, ಎಲೆ ಕಡುಹಸಿರಾಗಿದೆ, ಹೂವೂ ಗೊಂಚಲು ಗೊಂಚಲಾಗಿ ಬರುತ್ತಿದೆ. ಆದರೆ ಒಂದು ಕಾಯಿಯೂ ಕಚ್ಚುತ್ತಿಲ್ಲ, ತೊಟ್ಟು ಹಳದಿಯಾಗಿ ಹೂ ಉದುರಿ ಹೋಗುತ್ತಿದೆ, ಬುಡದ ಕಡೆ ಕೆಲವು ಎಲೆಗಳಲ್ಲಿ ಕಂದು ಕಲೆ ಬಂದಿದೆ. ವಾರವಾರ ಗೊಬ್ಬರ ಕೊಡುತ್ತಿದ್ದೀರಿ, ಇನ್ನೂ ಜಾಸ್ತಿ ಕೊಡಲೇ ಅಂತ ಕೇಳಿದ್ದೀರಿ.

ಬೇಡ. ದಯವಿಟ್ಟು ಕೊಡಬೇಡಿ. ಹೂ ಬಿಡುವ ಹೊತ್ತಿಗೆ ಹೊಸಬರು ಗಿಡಕ್ಕೆ ಮಾಡುವ ದೊಡ್ಡ ಅನ್ಯಾಯವೇ ಇದು. ಎಲೆ ಕಡುಹಸಿರು, ಕಾಂಡ ದಪ್ಪ, ದಿನಾ ಹೊಸ ಕುಡಿ, ಆದರೆ ಕಾಯಿ ಇಲ್ಲ ಅಂದರೆ ಸಾರಜನಕ ಹೆಚ್ಚಾಗಿದೆ ಅಂತಲೇ ನನ್ನ ಅನುಮಾನ. ಸಾರಜನಕ ಸಿಕ್ಕಷ್ಟೂ ಗಿಡ ಎಲೆ ಮಾಡುತ್ತಲೇ ಇರುತ್ತದೆ. ಯೂರಿಯಾ, ಹಸಿ ಸಗಣಿ, ಹಿಂಡಿ ನೀರು ಎಲ್ಲ ಎರಡು ಮೂರು ವಾರ ನಿಲ್ಲಿಸಿ. ಕಾಯಿ ಕಚ್ಚಲು ಶುರುವಾದ ಮೇಲೆ ಪೊಟ್ಯಾಶ್ ಜಾಸ್ತಿ ಇರುವ ಗೊಬ್ಬರವನ್ನು ಸ್ವಲ್ಪ ಸ್ವಲ್ಪವೇ ಕೊಟ್ಟರೆ ಸಾಕು.

ಇನ್ನೊಂದು ದೊಡ್ಡ ಕಾರಣ ಬಿಸಿಲು. ಹಗಲು 35 ಡಿಗ್ರಿ ಸೆಲ್ಸಿಯಸ್ ದಾಟುತ್ತಿದ್ದರೆ, ಅಥವಾ ರಾತ್ರಿಯೂ 24ರ ಕೆಳಗೆ ಇಳಿಯದಿದ್ದರೆ, ಹೂವಿನ ಪರಾಗ ಕೆಟ್ಟುಹೋಗುತ್ತದೆ, ಆಮೇಲೆ ಗಿಡವೇ ಆ ಹೂವನ್ನು ಬಿಟ್ಟುಬಿಡುತ್ತದೆ. ತುಂಬಾ ಜನ ಹಗಲಿನ ಬಿಸಿ ಮಾತ್ರ ನೋಡುತ್ತಾರೆ, ರಾತ್ರಿಯ ಸೆಕೆಯನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಚಳಿಯೂ ಅಷ್ಟೇ, ರಾತ್ರಿ 13 ಡಿಗ್ರಿಗಿಂತ ಕೆಳಗೆ ಹೋದರೆ ಕಾಯಿ ಕಚ್ಚುವುದು ಕಷ್ಟ. ಹವಾಮಾನವನ್ನು ನಾವು ಬದಲಿಸಲು ಆಗುವುದಿಲ್ಲ ಅಲ್ವಾ, ಆದರೆ ಬೆಳಗಿನ ಬಿಸಿಲು ಪೂರ್ತಿ ಬೀಳುವ ಹಾಗೆ ಬಿಟ್ಟು ಮಧ್ಯಾಹ್ನದ ಉರಿಬಿಸಿಲಿಗೆ ಮಾತ್ರ ನೆರಳುಬಲೆ ಕಟ್ಟಬಹುದು, ಬುಡಕ್ಕೆ ಒಣ ಹುಲ್ಲೋ ತರಗೆಲೆಯೋ ಹೊದಿಸಬಹುದು. ಉಳಿದದ್ದಕ್ಕೆ ಕಾಯಬೇಕು. ಗಿಡ ಆರೋಗ್ಯವಾಗಿದ್ದರೆ ಬಿಸಿ ಇಳಿದ ಮೇಲೆ ಬರುವ ಹೂ ಕಾಯಿ ಕಚ್ಚುತ್ತದೆ.

ಈಗ ಹೂವಿನ ವಿಷಯ. ಟೊಮೆಟೊದಲ್ಲಿ ಗಂಡು ಹೆಣ್ಣು ಭಾಗಗಳು ಎರಡೂ ಒಂದೇ ಹೂವಿನೊಳಗೆ ಇರುತ್ತವೆ. ನಡುವೆ ಹಳದಿ ಕೊಳವೆ ಕಾಣುತ್ತದಲ್ಲ, ಪರಾಗ ಅದರೊಳಗೇ ಇರುತ್ತದೆ, ಅಲುಗಾಡಿದರೆ ಮಾತ್ರ ಉದುರುತ್ತದೆ. ಸಾಮಾನ್ಯವಾಗಿ ಗಾಳಿ ಈ ಕೆಲಸ ಮಾಡುತ್ತದೆ, ಹೂವನ್ನು ಹಿಡಿದು ಝೇಂಕರಿಸುವ ದುಂಬಿಗಳೂ ಮಾಡುತ್ತವೆ. ಜೇನುಹುಳಕ್ಕೆ ಹಾಗೆ ಝೇಂಕರಿಸಿ ಪರಾಗ ಉದುರಿಸಲು ಬರುವುದಿಲ್ಲ, ಆದ್ದರಿಂದ ಜೇನು ಓಡಾಡುತ್ತಿದೆ ಅಂತ ಸುಮ್ನೆ ಇರಬೇಡಿ. ಗಿಡ ಗೋಡೆಯ ಮರೆಯಲ್ಲಿ ಗಾಳಿಯಿಲ್ಲದ ಜಾಗದಲ್ಲಿದ್ದರೆ ನೀವೇ ಅಲುಗಿಸಿ: ಬಿಸಿಲೇರಿ ಇಬ್ಬನಿ ಆರಿದ ಮೇಲೆ, ಹತ್ತು ಗಂಟೆಯಿಂದ ಮಧ್ಯಾಹ್ನದೊಳಗೆ, ಗೊಂಚಲಿನ ಹಿಂದಿನ ಕಡ್ಡಿಯನ್ನು ಬೆರಳಲ್ಲಿ ಮೆಲ್ಲಗೆ ನಾಲ್ಕು ಸಲ ತಟ್ಟಿ. ಬ್ಯಾಟರಿ ಹಲ್ಲುಜ್ಜುವ ಬ್ರಷ್ ಇದ್ದರೆ ಅದರ ಹಿಂಬದಿಯನ್ನು ಕಡ್ಡಿಗೆ ತಾಗಿಸಿದರೆ ಇನ್ನೂ ಒಳ್ಳೆಯದು. ದಿನಾ ಮಾಡಿ, ಯಾಕೆಂದರೆ ಎಲ್ಲ ಹೂ ಒಂದೇ ದಿನ ಅರಳುವುದಿಲ್ಲ. ಕೆಲಸ ಆಗಿದ್ದರೆ ದಳ ಒಣಗಿ ಹಿಂದೆ ಸಣ್ಣ ಹಸಿರು ಗುಂಡು ಕಾಣಿಸುತ್ತದೆ.

ಬುಡದ ಎಲೆಯ ಕಲೆ ಬೇರೆಯೇ ಕಥೆ, ಎರಡನ್ನೂ ಸೇರಿಸಿ ಗಾಬರಿಯಾಗಬೇಡಿ. ಕಲೆಯನ್ನು ಹತ್ತಿರದಿಂದ ನೋಡಿ. ಒಳಗೆ ಸುತ್ತು ಸುತ್ತಾಗಿ ಉಂಗುರ ಇದ್ದು, ಸುತ್ತಲೂ ಹಳದಿಯಾಗಿದ್ದರೆ ಅದು ಶಿಲೀಂಧ್ರದಿಂದ ಬರುವ ಎಲೆಚುಕ್ಕೆ ರೋಗ. ಮಣ್ಣು ಸಿಡಿದು ಎಲೆಗೆ ತಾಗಿದಾಗ ಹತ್ತುವುದೇ ಹೆಚ್ಚು, ಅದಕ್ಕೇ ಕೆಳಗಿನಿಂದ ಶುರುವಾಗುತ್ತದೆ. ಆ ಎಲೆಗಳನ್ನು ಕಿತ್ತು ದೂರ ಹಾಕಿ, ಬುಡದಿಂದ ಒಂದಡಿವರೆಗೆ ಎಲೆ ಇಲ್ಲದ ಹಾಗೆ ಮಾಡಿ, ನೀರನ್ನು ಎಲೆ ಮೇಲೆ ಸುರಿಯದೆ ಬುಡಕ್ಕೆ ಮಾತ್ರ ಹಾಕಿ. ಕಲೆಯಿಲ್ಲದೆ, ನರ ಹಸಿರಾಗಿದ್ದು ನಡುವೆ ಮಾತ್ರ ಹಳದಿಯಾಗಿದ್ದರೆ ಅದು ಮೆಗ್ನೀಸಿಯಂ ಕೊರತೆ ಇರಬಹುದು. ಕೆಳಗಿನ ಒಂದೆರಡು ಹಳೆ ಎಲೆ ಹಾಗಾದರೆ ತಲೆ ಕೆಡಿಸಿಕೊಳ್ಳಬೇಡಿ.

ನೀರಿನಲ್ಲಿ ಮಾತ್ರ ನೇಮ ಇರಲಿ. ಮೂರು ದಿನ ಒಣಗಿಸಿ ನಾಲ್ಕನೇ ದಿನ ಕೆರೆ ಮಾಡುವುದು ಹೂವಿಗೂ ಕೆಟ್ಟದ್ದು, ಮುಂದೆ ಬರುವ ಕಾಯಿಗೂ ಕೆಟ್ಟದ್ದು. ಕಾಯಿಯ ತಳ ಕಪ್ಪಾಗಿ ಚಪ್ಪಟೆಯಾಗುವ ತೊಂದರೆ ಇದರಿಂದಲೇ ಬರುತ್ತದೆ. ಮಣ್ಣಲ್ಲಿ ಸುಣ್ಣದಂಶ ಇದ್ದರೂ ಅದು ನೀರಿನ ಜೊತೆಗೇ ಕಾಯಿಗೆ ಹೋಗಬೇಕು, ನೀರು ತಪ್ಪಿದರೆ ತಳಕ್ಕೆ ತಲುಪುವುದಿಲ್ಲ. ಆಗ ಮೊಟ್ಟೆ ಸಿಪ್ಪೆ ಹಾಕಿ ಅಂತ ಎಲ್ಲರೂ ಹೇಳುತ್ತಾರೆ. ಅದು ಕರಗಲು ತುಂಬಾ ಕಾಲ ಬೇಕು, ಈ ಬೆಳೆಗೆ ಪ್ರಯೋಜನವಿಲ್ಲ. ಎರಡು ಇಂಚು ಆಳಕ್ಕೆ ಬೆರಳು ಹಾಕಿ ನೋಡಿ, ಒಣಗಿದ್ದರೆ ನೀರು ಕೊಡಿ, ತೇವ ಇದ್ದರೆ ಬಿಡಿ.

ಇಷ್ಟು ಮಾಡುವ ಮೊದಲು ಒಂದು ಕೆಲಸ ಇದೆ, ಇವತ್ತೇ ಮಾಡಿ: ತುದಿಯ ಎಲೆಗಳನ್ನು ಮಗುಚಿ ನೋಡಿ. ಸಣ್ಣ ಬಿಳಿ ನೊಣ ಗುಂಪಾಗಿ ಹಾರಿದರೆ ಸಂಜೆ ಹೊತ್ತು ಬೇವಿನ ಎಣ್ಣೆಯನ್ನು ಸೋಪಿನ ನೀರಿನಲ್ಲಿ ಕಲಸಿ ಎಲೆಯ ಅಡಿಗೆ ಸಿಂಪಡಿಸಿ. ಬಿಸಿಲಲ್ಲಿ ಹೊಡೆದರೆ ಎಲೆ ಸುಡುತ್ತದೆ, ಅರಳಿದ ಹೂವಿಗೆ ತಾಗಿಸಬೇಡಿ. ತುದಿ ಎಲೆ ಚಿಕ್ಕದಾಗಿ ಮೇಲಕ್ಕೆ ಮುರುಟಿಕೊಂಡು, ಅಂಚು ಹಳದಿಯಾಗಿ, ಗಿಡ ಅಲ್ಲಿಗೇ ನಿಂತುಬಿಟ್ಟಿದ್ದರೆ ಅದು ಬಿಳಿ ನೊಣ ಹರಡುವ ಎಲೆ ಮುರುಟು ರೋಗ, ಅದಕ್ಕೆ ಔಷಧಿ ಇಲ್ಲ. ಅಂಥ ಗಿಡ ಒಂದಿದ್ದರೆ ಎಷ್ಟೇ ಬೇಜಾರಾದರೂ ಬೇರುಸಮೇತ ಕಿತ್ತುಬಿಡಿ, ಇಲ್ಲದಿದ್ದರೆ ಪಕ್ಕದ ಗಿಡಗಳಿಗೂ ಹರಡುತ್ತದೆ.