ಏಣಿಯ ಎಷ್ಟನೆಯ ಮೆಟ್ಟಿಲು?

ಕಾಸರಗೋಡಿನ ಬದಿಯಡ್ಕದಿಂದ ನಾನಿರುವ ಫಿನ್ಲೆಂಡಿನ ತಾಂಪೆರೆ ನಗರಕ್ಕೆ ಹೊರಡಲಿರುವ ನೀವು, 'ಅಣ್ಣ' ಎಂದು ಕರೆದು, ಜಾಗತಿಕ ಸಂತೋಷ ವರದಿಯಲ್ಲಿ 2018ರಿಂದ 2025ರವರೆಗೆ ಎಡೆಬಿಡದೆ ಮೊದಲ ಸ್ಥಾನದಲ್ಲಿರುವ ಫಿನ್ಲೆಂಡಿಗೆ 2025ರಲ್ಲಿ 118ನೆಯ ಸ್ಥಾನದಲ್ಲಿದ್ದ ಭಾರತದಿಂದ ಬಂದರೆ ಬದುಕು ಅಷ್ಟರಮಟ್ಟಿಗೆ ಸುಧಾರಿಸುವುದುಂಟೇ ಎಂದು ಕೇಳಿದ್ದೀರಿ. ಆ ಅಂಕಿಯನ್ನು ಹೇಗೆ ಪಡೆಯುತ್ತಾರೆ ಎಂಬುದನ್ನು ಮೊದಲು ನೋಡೋಣ.

ಪಟ್ಟಿಯ ಆಧಾರ, ಜನಾಭಿಪ್ರಾಯ ಸಮೀಕ್ಷೆ ನಡೆಸುವ ಗ್ಯಾಲಪ್ ಸಂಸ್ಥೆ ಕೇಳುವ ಒಂದೇ ಪ್ರಶ್ನೆ. ಕೆಳಗೆ 0, ಮೇಲೆ 10 ಇರುವ ಒಂದು ಏಣಿಯನ್ನು ಊಹಿಸಿಕೊಳ್ಳಿ, ನಿಮ್ಮ ಪಾಲಿಗೆ ಸಾಧ್ಯವಿರುವ ಅತ್ಯುತ್ತಮ ಬದುಕು ತುದಿಯಲ್ಲಿದೆ, ಈಗ ನೀವು ಯಾವ ಮೆಟ್ಟಿಲಲ್ಲಿದ್ದೀರಿ ಎಂಬುದು ಆ ಪ್ರಶ್ನೆ. ಹೆಚ್ಚಿನ ದೇಶಗಳಲ್ಲಿ ವರ್ಷಕ್ಕೆ ಸುಮಾರು 1000 ಜನರನ್ನು ಕೇಳಿ, ಮೂರು ವರ್ಷಗಳ ಸರಾಸರಿ ತೆಗೆಯುತ್ತಾರೆ. ತಲಾ ಆದಾಯ, ಆಯುಷ್ಯ, ಭ್ರಷ್ಟಾಚಾರ ಇವೆಲ್ಲ ಆ ಸರಾಸರಿಯನ್ನು ಆಮೇಲೆ ವಿವರಿಸಲು ಬಳಸುವ ಅಂಶಗಳೇ ಹೊರತು ಅವುಗಳನ್ನು ಕೂಡಿಸಿ ಅಂಕ ಕೊಡುವುದಲ್ಲ. ನಮ್ಮ ಪತ್ರಿಕೆಗಳು ವರದಿ ಹೊರಬರುವ ಪ್ರತಿ ಮಾರ್ಚ್‌ನಲ್ಲಿ ಇದನ್ನು ತಪ್ಪಾಗಿಯೇ ಬರೆಯುತ್ತವೆ.

ಕಳೆದ ಸಲ ಊರಿಗೆ ಬಂದಾಗ, ಅಂಗಳದಲ್ಲಿ ಅಡಿಕೆ ಹರಡುತ್ತಿದ್ದ ಅಮ್ಮನಿಗೆ ಇದೇ ಪ್ರಶ್ನೆಯನ್ನು ಕನ್ನಡದಲ್ಲಿ ಕೇಳಿದೆ. "ಈ ಪ್ರಾಯದಲ್ಲಿ ನನಗೆ ಏಣಿ ಯಾಕೆ?" ಎಂದು ನಕ್ಕರು. ಒತ್ತಾಯಿಸಿದ ಮೇಲೆ, "ಐದೋ ಆರೋ ಹಾಕು, ಹತ್ತು ಅಂತ ಹೇಳಿದರೆ ದೃಷ್ಟಿ ಆದೀತು" ಎಂದರು. ಇಲ್ಲಿ ನನ್ನ ಸಹೋದ್ಯೋಗಿಯೊಬ್ಬ, ಅರ್ಧ ತಾಸು ಸಂಸಾರದ ಕಷ್ಟ ತೋಡಿಕೊಂಡ ಬಳಿಕವೂ, ತಡವರಿಸದೆ ಫಿನ್ನಿಷ್ ಭಾಷೆಯಲ್ಲಿ 'ಕಹ್ದೆಕ್ಸನ್', ಅಂದರೆ ಎಂಟು, ಎಂದ. ಅವನ ಎಂಟು ಅಮ್ಮನ ಆರಕ್ಕಿಂತ ಎರಡು ಮೆಟ್ಟಿಲು ಮೇಲಿದೆ ಎನ್ನಲು ನನಗೆ ಧೈರ್ಯವಿಲ್ಲ.

ಪದಗಳ ತೊಡಕೂ ಇದೆ. ನಮ್ಮ ಕಡೆ 'ಸುಖ ಇಲ್ಲ' ಎಂದರೆ ಜ್ವರವೋ ನೆಗಡಿಯೋ ಎಂದರ್ಥ, ಮಲಯಾಳದಲ್ಲೂ ಹಾಗೆಯೇ. ಆದ್ದರಿಂದ ಪ್ರಶ್ನಾವಳಿಯಲ್ಲಿ ಸುಖ, ತೃಪ್ತಿ, ನೆಮ್ಮದಿ ಇವುಗಳಲ್ಲಿ ಯಾವುದನ್ನು ಬಳಸಿದರೆಂಬುದರ ಮೇಲೆ ಒಬ್ಬನೇ ಮನುಷ್ಯನ ಉತ್ತರ ಬದಲಾದೀತು. ಏಣಿಯ ಚಿತ್ರವೇ ಜನರ ಮನಸ್ಸನ್ನು ಹಣ, ಅಧಿಕಾರಗಳತ್ತ ಎಳೆಯುತ್ತದೆ ಎಂದು 2024ರಲ್ಲಿ ಸೈಂಟಿಫಿಕ್ ರಿಪೋರ್ಟ್ಸ್ ಎಂಬ ವಿಜ್ಞಾನ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿದೆ.

ಇದಕ್ಕೆ ರಾಜಕೀಯ ವಿಜ್ಞಾನಿ ಗ್ಯಾರಿ ಕಿಂಗ್ ಮತ್ತು ಸಂಗಡಿಗರು 2004ರಲ್ಲಿ ಸೂಚಿಸಿದ ಉಪಾಯ ನನಗೆ ಇಷ್ಟ. ಒಬ್ಬ ಕಲ್ಪಿತ ವ್ಯಕ್ತಿಯನ್ನು ವರ್ಣಿಸಿ, ಅವನು ಅಳತೆಯಲ್ಲಿ ಎಲ್ಲಿದ್ದಾನೆ ಎಂದು ಎರಡೂ ಕಡೆಯವರನ್ನು ಕೇಳುವುದು. ಉತ್ತರಗಳಲ್ಲಿ ಕಾಣುವ ಅಂತರ ಬದುಕಿನದ್ದಲ್ಲ, ಅಳತೆಗೋಲಿನದ್ದು, ಆದ್ದರಿಂದ ಅದಕ್ಕೆ ತಕ್ಕಂತೆ ಸ್ವಂತ ಬದುಕಿಗೆ ಕೊಟ್ಟ ಅಂಕಗಳನ್ನು ಸರಿಪಡಿಸಬಹುದು. ಆದರೆ ಆ ವರ್ಣನೆ ಎಲ್ಲರಿಗೂ ಒಂದೇ ಆಗಿ ಅರ್ಥವಾಗಬೇಕು. 'ಮಕ್ಕಳು ಪರದೇಶದಲ್ಲಿದ್ದಾರೆ' ಎಂಬ ಒಂದು ಸಾಲು ಬದಿಯಡ್ಕದ ಒಂದು ಮನೆಯಲ್ಲಿ ಹೆಮ್ಮೆ, ಪಕ್ಕದ ಮನೆಯಲ್ಲಿ ಸಂಕಟ.

ಹಾಗೆಂದು ಪಟ್ಟಿಯೇ ಸುಳ್ಳು ಎನ್ನುವವರ ಜೊತೆ ನಾನಿಲ್ಲ. 2018ರ ವರದಿ 117 ದೇಶಗಳ ವಲಸಿಗರ ಉತ್ತರಗಳನ್ನು ಪ್ರತ್ಯೇಕವಾಗಿ ನೋಡಿದಾಗ ಅಲ್ಲಿಯೂ ಫಿನ್ಲೆಂಡೇ ಮೊದಲಿತ್ತು, ಮತ್ತು ವಲಸಿಗರ ಅಂಕಗಳು ಬಹುಮಟ್ಟಿಗೆ ನೆಲೆಸಿದ ದೇಶದವರ ಅಂಕಗಳ ಹತ್ತಿರಕ್ಕೆ ಬಂದಿದ್ದವು. ಬಿಟ್ಟುಬಂದ ದೇಶದ ಛಾಯೆ ಸುಮಾರು ಶೇಕಡಾ 10ರಿಂದ 25ರಷ್ಟು ಮಾತ್ರ ಉಳಿದಿತ್ತು. ಎಲ್ಲವೂ ಉತ್ತರಿಸುವ ಅಭ್ಯಾಸದ ಫಲವಾಗಿದ್ದರೆ ಹೀಗಾಗುತ್ತಿರಲಿಲ್ಲ. ಸಹಿಸದೆ ಊರಿಗೆ ಮರಳಿದವರು ಈ ಲೆಕ್ಕದಲ್ಲಿ ಇಲ್ಲ ಎಂಬುದನ್ನೂ ನೆನಪಿಡಿ. ಫಿನ್ಲೆಂಡಿಗೂ ಭಾರತಕ್ಕೂ ನಡುವಿನ, ಮೂರು ಮೆಟ್ಟಿಲಿಗೂ ಮೀರಿದ ಅಂತರವನ್ನು ನಾನು ನಂಬುತ್ತೇನೆ. ಐದನೆಯ ಮತ್ತು ಎಂಟನೆಯ ಸ್ಥಾನಗಳ ನಡುವಿನ ವ್ಯತ್ಯಾಸವನ್ನು ನಂಬುವುದಿಲ್ಲ.

ನನ್ನ ಮಟ್ಟಿಗೆ, ಮಧ್ಯಾಹ್ನವೇ ಕತ್ತಲಾಗುತ್ತಿದ್ದ ಮೊದಲ ಡಿಸೆಂಬರಿನಲ್ಲಿ ನಾಲ್ಕು ಎನ್ನುತ್ತಿದ್ದೆ, ಈಗ ಏಳು ಎನ್ನುತ್ತೇನೆ. ಇದರಲ್ಲಿ ಬದುಕು ಸುಧಾರಿಸಿದ್ದೆಷ್ಟು, ಇಲ್ಲಿಯವರಂತೆ ಉತ್ತರಿಸಲು ಕಲಿತದ್ದೆಷ್ಟು ಎಂದು ಬಿಡಿಸಿ ಹೇಳಲಾರೆ. ಆದ್ದರಿಂದ ವಿಮಾನ ಹತ್ತುವ ಮೊದಲು ಸಾಲ, ನಿದ್ದೆ, ತಿಂಗಳ ಕೊನೆಗೆ ಉಳಿಯುವ ಹಣ ಇವುಗಳನ್ನು ಕನ್ನಡದಲ್ಲೇ ಬರೆದಿಟ್ಟುಕೊಂಡು, ವರ್ಷ ಕಳೆದ ಮೇಲೆ ಅದೇ ಮಾತುಗಳಲ್ಲಿ ನಿಮ್ಮನ್ನೇ ಕೇಳಿಕೊಳ್ಳಿ. ಕಷ್ಟ ಬಂದರೆ ನಂಬಬಹುದಾದ ಬಂಧುಗಳೋ ಗೆಳೆಯರೋ ಇದ್ದಾರೆಯೇ ಎಂದು ಗ್ಯಾಲಪ್‌ನವರೂ ಕೇಳುತ್ತಾರೆ, ಅದನ್ನೂ ಸೇರಿಸಿ. ತಾಂಪೆರೆಯಲ್ಲಿ ನನ್ನ ಆ ಉತ್ತರ 'ಇಲ್ಲ' ಎಂಬುದರಿಂದ 'ಹೌದು' ಆಗಲು ನಾಲ್ಕು ವರ್ಷ ಹಿಡಿಯಿತು.