ಲಿಂಕ್ ಕೊಂಡ್ರ ಸೈಟಿಗೆ ಮಂದಿ ಬರ್ತಾರೇನ್ರಿ?

ಪ್ರಶ್ನೆ: ಸರ್, ಬಳ್ಳಾರ್ಯಾಗ ನಮ್ದು ಸಣ್ಣ ಜೀನ್ಸ್ ಹೊಲಿಯೋ ಯೂನಿಟ್ ಐತ್ರಿ, ಹೋಲ್‌ಸೇಲ್ ಕೊಡ್ತೀವಿ. ವರ್ಷದ ಹಿಂದ ವೆಬ್‌ಸೈಟ್ ಮಾಡಿಸಿದ್ವಿ, ದಿನಕ್ಕ ಹತ್ತು-ಹದಿನೈದು ಮಂದಿ ಬಂದ್ರ ಹೆಚ್ಚು, ಅದ್ರಾಗೂ ಅರ್ಧ ನಮ್ಮವರ. ಈಗ ಯಾರೋ ಫೋನ್ ಮಾಡಿ ಐದು ಸಾವಿರ ಕೊಡ್ರಿ, ಸಾವಿರ ಬ್ಯಾಕ್‌ಲಿಂಕ್ (ಬ್ಯಾರೆ ಸೈಟಿನಿಂದ ನಿಮ್ಮ ಸೈಟಿಗೆ ಬರೋ ಲಿಂಕ್) ಹಾಕಿಸ್ತೀವಿ, ತಿಂಗಳದಾಗ ಗೂಗಲ್ ಮೊದಲ್ನೇ ಪೇಜ್ ಗ್ಯಾರಂಟಿ ಅಂತಾರ. ಕೊಡ್ಲ್ಯಾ ಬ್ಯಾಡ್ರೀ?

ಉತ್ತರ: ಕೊಡಬ್ಯಾಡ್ರಿ ಅಣ್ಣಾರ. ಗ್ಯಾರಂಟಿ ಅನ್ನೋ ಮಾತು ಬಂತಂದ್ರ ಅಲ್ಲೇ ಫೋನ್ ಇಟ್ಬಿಡ್ರಿ, ಗೂಗಲ್‌ನ್ಯಾಗ ಒಂದನೇ ನಂಬರ್ ಕೊಡಸ್ತೀವಿ ಅಂತ ಯಾರೂ ಗ್ಯಾರಂಟಿ ಕೊಡಾಕ ಬರಂಗಿಲ್ಲ ಅಂತ ಗೂಗಲ್‌ನವರ ಬರದಿಟ್ಟಾರ.

ಲಿಂಕಿಗೆ ಯಾಕ ಇಷ್ಟು ಬೆಲಿ ಬಂತು ಅಂತ ತಿಳ್ಕೊಂಡ್ರ ಮೋಸ ಎಲ್ಲೈತಿ ಅನ್ನೋದು ತಾನ ಕಾಣ್ತೈತಿ. 1998ರಾಗ ಲ್ಯಾರಿ ಪೇಜ್, ಸರ್ಗೈ ಬ್ರಿನ್ ಅಂತ ಸ್ಟ್ಯಾನ್‌ಫರ್ಡ್‌ನ್ಯಾಗ ಓದ್ತಿದ್ದ ಇಬ್ರು ಗೂಗಲ್ ಕಂಪನಿ ಚಾಲೂ ಮಾಡಿದಾಗ ಅವರ ವಿಚಾರ ಏನಿತ್ತಂದ್ರ, ಒಂದು ಪೇಜ್ ಇನ್ನೊಂದಕ್ಕ ಲಿಂಕ್ ಕೊಟ್ರ ಅದು ಒಂದು ಓಟ್, ಅದ್ರಾಗೂ ಓಟ್ ಹಾಕಿದ ಪೇಜಿಗೆ ಎಷ್ಟು ಮಾನ ಐತೋ ಆ ಓಟಿಗೆ ಅಷ್ಟು ತೂಕ. ಓಟ್ ಅಂದ ಮ್ಯಾಲ ರೊಕ್ಕ ಕೊಟ್ಟು ಹಾಕಿಸೋರು ಬಂದೇ ಬರ್ತಾರಲ್ಲ, ಬಂದ್ರು. ಲಿಂಕ್ ಮಾರೋ ಸೈಟ್ ಹುಟ್ಟಿದ್ವು, ನಾ ನಿನಗ ಕೊಡ್ತೀನಿ ನೀ ನನಗ ಕೊಡು ಅನ್ನೋ ವ್ಯವಹಾರ ಹುಟ್ಟಿತು. 2012ರ ಏಪ್ರಿಲ್‌ನ್ಯಾಗ ಗೂಗಲ್ ಪೆಂಗ್ವಿನ್ ಅನ್ನೋ ಅಪ್‌ಡೇಟ್ ಬಿಟ್ಟು ಇಂಥ ಸೈಟುಗಳನ್ನ ಕೆಳಗ ತಳ್ಳಿತು, 2016ರಾಗ ಅದನ್ನ ತನ್ನ ಮುಖ್ಯ ಲೆಕ್ಕಾಚಾರದಾಗೇ ಸೇರಿಸಿಬಿಟ್ಟಿತು. ಹಂಗಾಗಿ ಇವತ್ತು ನೀವು ಕೊಂಡ ಸಾವಿರ ಲಿಂಕ್‌ನ್ಯಾಗ ಬಹಳಷ್ಟನ್ನ ಅದು ಲೆಕ್ಕಕ್ಕೇ ಹಿಡಿಯಂಗಿಲ್ಲ, ರೊಕ್ಕ ಹೋದಂಗ. ಅದಕ್ಕಿಂತ ಕೆಟ್ಟದ್ದಂದ್ರ ಗೂಗಲ್‌ನ ಮಂದಿನ ಕೂತು ನೋಡಿ ಸೈಟಿನ ಮ್ಯಾಲ ಕ್ರಮ ತಗೊಂಡ್ರ ಹುಡುಕಿದ್ರೂ ನಿಮ್ಮ ಸೈಟ್ ಸಿಗದಂಗ ಆಗಬಹುದು. ನಿಮ್ಮ ಸೈಟ್ ಗೂಗಲ್‌ನ್ಯಾಗ ಹೆಂಗ ಕಾಣ್ತೈತಿ ಅಂತ ತೋರ್ಸೋ ಸರ್ಚ್ ಕನ್ಸೋಲ್ ಅಂತ ಗೂಗಲ್‌ದ ಐತಿ, ಅದರೊಳಗ ಮ್ಯಾನುಯಲ್ ಆ್ಯಕ್ಷನ್ಸ್ ಅಂತ ಒಂದು ಪೇಜ್ ಐತಿ, ಹಿಂದ ಸೈಟ್ ಮಾಡಿಕೊಟ್ಟವರು ನಿಮಗ ಹೇಳದ ಏನರೆ ಮಾಡಿದ್ರೇನು ಅಂತ ಇವತ್ತ ತಗದು ನೋಡ್ರಿ, ಫ್ರೀ ಐತಿ.

ಜಾಹೀರಾತಿಗೆ ರೊಕ್ಕ ಕೊಡೋದು ತಪ್ಪಲ್ಲ ಮತ್ತ. ಯಾವುದೋ ನ್ಯೂಸ್ ಸೈಟಿನ್ಯಾಗ ಜಾಹೀರಾತು ಕೊಟ್ರ ಆ ಲಿಂಕಿನ ಕೋಡಿನ್ಯಾಗ ಸ್ಪಾನ್ಸರ್ಡ್, ಅಂದ್ರ ಇದು ರೊಕ್ಕ ಕೊಟ್ಟ ಲಿಂಕ್, ಅನ್ನೋ ಗುರ್ತು ಹಾಕ್ರಿ ಅಂತ ಅವರಿಗೆ ಹೇಳ್ರಿ, 2019ರಿಂದ ಆ ಗುರ್ತು ಐತಿ, ಅದಕ್ಕಿಂತ ಮುಂಚಿಂದ ನೋಫಾಲೋ, ಅಂದ್ರ ಈ ಲಿಂಕನ್ನ ಓಟ್ ಅಂತ ಹಿಡೀಬ್ಯಾಡ ಅನ್ನೋ ಗುರ್ತು, ಇತ್ತು. ಆ ಲಿಂಕಿನಿಂದ ರ್‍ಯಾಂಕ್ ಏರಂಗಿಲ್ಲ, ಆದ್ರ ಮಂದಿ ಬರ್ತಾರ, ನಿಮಗ ಬೇಕಾದದ್ದೂ ಮಂದಿನ ಅಲ್ಲೇನ್ರಿ.

ಹಂಗಾದ್ರ ಖರೇ ಲಿಂಕ್ ಎಲ್ಲಿಂದ ತರೋದು? ನಿಮ್ಮನ್ನ ಈಗಾಗಲೇ ಬಲ್ಲವರಿಂದ. ನೀವು ಡೆನಿಮ್ ಬಟ್ಟಿ ತರೋ ಮಿಲ್‌ನವರು, ಮಷಿನ್ ಕೊಟ್ಟ ಡೀಲರು, ನಿಮ್ಮ ಮಾಲು ಮಾರೋ ಹುಬ್ಬಳ್ಳಿ ಹೈದರಾಬಾದ್ ಅಂಗಡಿಯವರು, ಇವ್ರಿಗೆ ಸೈಟ್ ಇದ್ರ 'ನಮ್ಮ ಗಿರಾಕಿಗಳು', 'ನಾವು ಮಾಲು ತರೋದು ಇವ್ರ ಕಡೆಯಿಂದ' ಅಂತ ಒಂದು ಪೇಜ್ ಇರ್ತೈತಿ, ಅದ್ರಾಗ ನಿಮ್ಮ ಹೆಸರು ಇದ್ರೂ ಲಿಂಕ್ ಇರಂಗಿಲ್ಲ, ಒಂದು ಫೋನ್ ಮಾಡಿ ಕೇಳಿದ್ರ ಹಾಕ್ತಾರ, ಇದಕ್ಕ ಐದು ಪೈಸಾ ಖರ್ಚಿಲ್ಲ. ವ್ಯಾಪಾರಸ್ಥರ ಸಂಘದ ಸೈಟ್ ಇದ್ರ ಅಲ್ಲಿ ಕೇಳ್ರಿ. ಕಾಲೇಜು ಹುಡುಗ್ರು ಬಳ್ಳಾರಿ ಜೀನ್ಸ್ ಮ್ಯಾಲ ಪ್ರಾಜೆಕ್ಟ್ ಮಾಡಾಕ ಬರ್ತಾರ, ಪತ್ರಕರ್ತರು ಬರ್ತಾರ, ಅವ್ರನ್ನ ಗೇಟಿನಿಂದ ವಾಪಸ್ ಕಳಿಸಬ್ಯಾಡ್ರಿ. ಕಟಿಂಗ್ ಟೇಬಲ್‌ನಿಂದ ಹಿಡದು ವಾಷಿಂಗ್, ಇಸ್ತ್ರಿ, ಪ್ಯಾಕಿಂಗ್ ತನಕ ಒಂದು ಪ್ಯಾಂಟ್ ಹೆಂಗ ಆಗ್ತೈತಿ ಅನ್ನೋದನ್ನ ಒಳ್ಳೆ ಫೋಟೋ ಹಾಕಿ ನಿಮ್ಮ ಸೈಟಿನ್ಯಾಗ ಒಂದು ಪೇಜ್ ಇಡ್ರಿ, ಬರಿಯೋರಿಗೆ ತೋರ್ಸಾಕ ಅಂಥದೊಂದು ಬೇಕಿರ್ತೈತಿ, ಲಿಂಕ್ ಕೊಟ್ಟೇ ಕೊಡ್ತಾರ.

ಇನ್ನೊಂದು, ನನ್ನ ಪ್ರಕಾರ ಇದ ಎಲ್ಲಕ್ಕಿಂತ ದೊಡ್ಡದು. ಮಾಲು ಕೇಳಿ ಫೋನ್ ಮಾಡೋರು ಏನು ಕೇಳ್ತಾರ ಅಂತ ಒಂದು ತಿಂಗಳು ಡೈರ್‍ಯಾಗ ಬರದಿಡ್ರಿ. ಒಂದು ಸೆಟ್ಟಿಗೆ ಎಷ್ಟು ಪೀಸು, 28ರಿಂದ 36ರೊಳಗ ಯಾವ ಸೈಜ್ ಎಷ್ಟು ಹಾಕ್ತೀರಿ, ಬಟ್ಟಿ ಎಷ್ಟು ಔನ್ಸಿಂದು, ತೊಳದ್ರ ಎಷ್ಟು ಕುಗ್ತೈತಿ, ಕಡಿಮಿ ಅಂದ್ರ ಎಷ್ಟು ಪೀಸ್ ಕೊಡ್ತೀರಿ, ಲಾರಿ ಬಾಡಿಗಿ ಯಾರದು, ಜಿಎಸ್‌ಟಿ ಎಷ್ಟು. ಒಂದೊಂದಕ್ಕೂ ನೀವು ಫೋನಿನ್ಯಾಗ ಹೇಳೋ ಉತ್ತರಾನ ಹಂಗ ಬರದು ಸೈಟಿಗೆ ಹಾಕ್ರಿ. 2025ರ ಸೆಪ್ಟೆಂಬರ್ 22ರಿಂದ ಪೀಸಿಗೆ 2,500 ರೂಪಾಯಿ ತನಕದ ರೆಡಿಮೇಡ್ ಬಟ್ಟಿಗೆ ಶೇ 5, ಅದರ ಮ್ಯಾಲಿನದಕ್ಕ ಶೇ 18 ಆಗೈತಿ, ಮೊದಲು ಸಾವಿರಕ್ಕ ಗೆರಿ ಇತ್ತು. ಇಂಥದ್ದು ಬದಲಾದ ದಿನಾನ ನಿಮ್ಮ ಪೇಜ್ ತಿದ್ದಿದ್ರ, ಹಳೇ ರೇಟ್ ಹಂಗ ಇಟ್ಕೊಂಡಿರೋ ಬ್ಯಾರೆಯವ್ರ ಪೇಜಿಗಿಂತ ನಿಮ್ದು ಹುಡುಕೋರಿಗೆ ಉಪಯೋಗ ಬೀಳ್ತೈತಿ.

ಪ್ರಶ್ನೆ: ನಮ್ದು ಆನೆಗೊಂದಿ ಹತ್ರ ಹೋಂಸ್ಟೇ ಐತಿ. ಸೈಟಿನ್ಯಾಗ ಬ್ಲಾಗ್ ಬರಿಯಾಕತ್ತೀನಿ, 'ಹಂಪಿಯಲ್ಲಿ ನೋಡಬೇಕಾದ ಹತ್ತು ಸ್ಥಳಗಳು' ಅಂಥವು, ಯಾರೂ ಓದಂಗಿಲ್ಲ. ಕನ್ನಡದಾಗ ಬರಿಲ್ಯಾ ಇಂಗ್ಲಿಷ್‌ನ್ಯಾಗ ಬರಿಲ್ಯಾ? ಎಐ ಕಡೆಯಿಂದ ದಿನಕ್ಕೊಂದು ಬರಸಿದ್ರ ನಡೀತೈತಾ?

ಉತ್ತರ: ಅಕ್ಕಾರ, ಹತ್ತು ಸ್ಥಳಗಳು ಅನ್ನೋದನ್ನ ಬೆಂಗಳೂರಾಗ ಕೂತವ್ರೂ ಬರದಾರ, ಹಂಪಿಗೆ ಕಾಲಿಡದವ್ರೂ ಬರದಾರ. ವಿಠ್ಠಲ ಗುಡಿ, ಕಲ್ಲಿನ ರಥ ಅಂತ ನೀವೂ ಅದನ್ನ ಬರದ್ರ ದೊಡ್ಡ ದೊಡ್ಡ ಟ್ರಾವೆಲ್ ಸೈಟುಗಳ ಮುಂದ ನಿಲ್ಲಾಕ ಆಗಂಗಿಲ್ಲ. ಆದ್ರ ಹೊಳಿ ದಂಡ್ಯಾಗ ಇರೋರು ನೀವು, ನಿಮಗ ಗೊತ್ತಿರೋದು ಅವ್ರಿಗೆ ಗೊತ್ತಿಲ್ಲ.

ಹೊಳಿಗೆ ನೀರು ಬಿಟ್ಟಾಗ ಹಂಪಿ ಕಡೆಯಿಂದ ದೋಣಿ ನಿಲ್ತೈತಿ, ಆಗ ಬುಕ್ಕಸಾಗರ-ಕಡೆಬಾಗಿಲು ಸೇತುವೆ ಮ್ಯಾಲ ಸುತ್ತಿ ಬರಬೇಕು, ಇದು ಗೊತ್ತಿಲ್ದ ಮಂದಿ ಬ್ಯಾಗ್ ಹೊತ್ಕೊಂಡು ದಂಡ್ಯಾಗ ನಿಂತಿರ್ತಾರ. ಹೊಸಪೇಟೆ ಸ್ಟೇಷನ್‌ನ್ಯಾಗ ರಾತ್ರಿ ಇಳಿದ್ರ ನಿಮ್ಮ ಮನಿ ತನಕ ಆಟೋದವ್ರು ಎಷ್ಟು ಕೇಳ್ತಾರ, ವಯಸ್ಸಾದವ್ರು ಅಂಜನಾದ್ರಿ 575 ಮೆಟ್ಲ ಹತ್ತಬೇಕಂದ್ರ ಎಷ್ಟೊತ್ತಿಗೆ ಬಿಡಬೇಕು, ಹಿರೇಬೆಣಕಲ್ ಮೋರ್‍ಯಾರ ಮನಿ ಅನ್ನೋ ಹಳೇ ಕಾಲದ ಕಲ್ಲಿನ ಗೋರಿ ನೋಡಾಕ ಎಷ್ಟು ದೂರ ನಡೀಬೇಕು, ನೀರು ಎಲ್ಲಿ ತುಂಬ್ಕೋಬೇಕು. ಇವು ಒಂದೊಂದೂ ಒಂದು ಬ್ಲಾಗ್. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ (ಟಿಬಿ) ಡ್ಯಾಂನ 19ನೇ ಗೇಟ್ ಕೊಚ್ಚಿ ಹೋತಲ್ಲ, ಬುಕಿಂಗ್ ಮಾಡಿದವ್ರಿಗೆ ಬೇಕಿದ್ದದ್ದು ಒಂದ ಮಾತು, ಈಗ ಬರಬಹುದಾ ಬ್ಯಾಡಾ, ಯಾವ ದಾರಿ ಮುಚ್ಚೈತಿ, ಹೊಳಿ ಎಲ್ಲಿ ತನಕ ಬಂದೈತಿ. ಅಂಥ ಹೊತ್ತಿನ್ಯಾಗ ದಿನಾ ಮುಂಜಾನಿ ಒಂದು ಫೋಟೋ ಹಾಕಿ ತಾರೀಖು ಬರದು ನಾಕು ಸಾಲು ಹಾಕೋ ಹೋಂಸ್ಟೇ ಸೈಟಿಗೆ ಟ್ರಾವೆಲ್ ಗ್ರೂಪಿನವ್ರು, ಬೈಕ್ ಕ್ಲಬ್‌ನವ್ರು ತಾವ ಲಿಂಕ್ ಹಂಚ್ತಾರ. ಮಳಿಗಾಲಕ್ಕ 'ಇವತ್ತು ಹೊಳಿ ಹೆಂಗೈತಿ' ಅಂತ ಒಂದ ಪೇಜ್ ಇಟ್ಟು ಅದನ್ನ ತಿದ್ಕೋತ ಹೋಗ್ರಿ, ದಿನಾ ಹೊಸಾ ಪೇಜ್ ಬ್ಯಾಡ, ಒಂದ ವಿಳಾಸ ಇದ್ರ ಎಲ್ಲಾ ಲಿಂಕೂ ಅದಕ್ಕ ಸೇರ್ತಾವ.

ಭಾಷೆ ವಿಚಾರಕ್ಕ, ಎರಡರಾಗೂ ಬರೀರಿ, ಆದ್ರ ಒಂದ ಪೇಜಿನ್ಯಾಗ ಎರಡೂ ಕಲಸಬ್ಯಾಡ್ರಿ, ಬ್ಯಾರೆ ಬ್ಯಾರೆ ಪೇಜ್ ಮಾಡಿ ಇದರ ಇಂಗ್ಲಿಷ್ ಅದು, ಅದರ ಕನ್ನಡ ಇದು ಅಂತ ಗೂಗಲ್‌ಗೆ ತಿಳಿಸೋ ಹ್ರೆಫ್‌ಲ್ಯಾಂಗ್ ಗುರ್ತು ಹಾಕಿಸ್ರಿ. ದೋಣಿ, ಮೆಟ್ಲ, ಪ್ರಸಾದ ಊಟ, ಮಕ್ಕಳನ್ನ ಕರ್ಕೊಂಡು ಬರೋದು ಇವೆಲ್ಲಾ ಕನ್ನಡದಾಗ ಬರೀರಿ, ಅಂಜನಾದ್ರಿಗೆ ಬರೋ ನಮ್ಮ ಮಂದಿ ಕನ್ನಡದಾಗ ಹುಡುಕ್ತಾರ, ಅಲ್ಲಿ ಪೈಪೋಟಿನೂ ಕಡಿಮಿ. ಬಂಡೆಗಲ್ಲು ಹತ್ತೋದು, ಸೈಕಲ್, ಸಾಣಾಪುರ ಕೆರಿ ಇಂಥವು ಇಂಗ್ಲಿಷ್‌ನ್ಯಾಗ ಮೊದಲು. ಎಐ ಬಳಸೋದನ್ನ ಗೂಗಲ್ ಬ್ಯಾಡ ಅಂದಿಲ್ಲ, ಆದ್ರ ರ್‍ಯಾಂಕಿಗಂತ ಸಿಕ್ಕಾಪಟ್ಟೆ ಪೇಜ್ ಸುರಿಯೋದನ್ನ 2024ರ ಮಾರ್ಚ್‌ನ್ಯಾಗ ಸ್ಪ್ಯಾಮ್ ಪಟ್ಟಿಗೆ ಸೇರಿಸೈತಿ, ಕೈಲೆ ಬರದ್ರೂ ಅಷ್ಟ, ಮಷಿನ್ ಬರದ್ರೂ ಅಷ್ಟ. ದಿನಕ್ಕೊಂದು ಬ್ಯಾಡ, ತಿಂಗಳಿಗೆ ಎರಡು ಬರೀರಿ ಸಾಕು, ನೀವು ಸ್ವಂತ ನೋಡಿದ್ದು ಅದ್ರಾಗ ಇರಲಿ. ಹಳೇ ಹತ್ತು ಸ್ಥಳದ ಬರಹಗಳನ್ನ ತಗದು ಹಾಕಬ್ಯಾಡ್ರಿ, ಒಂದೊಂದಕ್ಕೂ 'ನಮ್ಮ ಮನಿಯಿಂದ ಇಲ್ಲಿಗೆ ಹೆಂಗ ಹೋಗಬೇಕು' ಅನ್ನೋದು ಸೇರಿಸಿ ಹೊಸಾ ಬರಹಕ್ಕ ಲಿಂಕ್ ಕೊಡ್ರಿ. ಸ್ವಂತ ಸೈಟಿನ ಪೇಜುಗಳ ನಡುವಿನ ಲಿಂಕೂ ಲಿಂಕ, ಅದನ್ನ ಬಹಳ ಮಂದಿ ಮರೀತಾರ.

ಪ್ರಶ್ನೆ: ಸಿಂಧನೂರಾಗ ಅಕ್ಕಿ ವ್ಯಾಪಾರ ನಮ್ದು. ಇನ್ಸ್ಟಾ, ಯೂಟ್ಯೂಬ್ ಶಾರ್ಟ್ಸ್‌ಗೆ ಲೈಕ್ ಭಾಳ ಬರ್ತಾವ, ಸೈಟಿಗೆ ಯಾರೂ ಬರಂಗಿಲ್ಲ. ಇಂಟರ್‍ಯಾಕ್ಟಿವ್ ಮಾರ್ಕೆಟಿಂಗ್ ಮಾಡ್ರಿ ಅಂತಾರ, ಹಂಗಂದ್ರೇನು?

ಉತ್ತರ: ಮೊದಲು ಲಿಂಕ್ ಒತ್ತಾಕ ಬರ್ತೈತೋ ಇಲ್ಲೋ ನೋಡ್ರಿ. ಇನ್ಸ್ಟಾ ಪೋಸ್ಟಿನ ಕೆಳಗ ಬರದ ವಿಳಾಸ ಒತ್ತಿದ್ರ ತಗಿಯಂಗಿಲ್ಲ, ಬಯೋದಾಗ ಇಲ್ಲಾ ಸ್ಟೋರಿಯ ಲಿಂಕ್ ಸ್ಟಿಕ್ಕರ್‌ನ್ಯಾಗ ಹಾಕಬೇಕು. ಶಾರ್ಟ್ಸ್ ವಿವರಣೆ, ಕಾಮೆಂಟಿನ್ಯಾಗಿನ ಲಿಂಕ್‌ನೂ 2023ರ ಆಗಸ್ಟ್ ಕೊನಿಗೆ ಯೂಟ್ಯೂಬ್ ಬಂದ್ ಮಾಡೈತಿ. ಹಂಗಾಗಿ ಲೈಕ್ ಬಂದು ಮಂದಿ ಬರ್ದೇ ಇರೋದಕ್ಕ ನಿಮ್ಮ ಮಾಲು ಕಾರಣ ಅಲ್ಲ.

ಇಂಟರ್‍ಯಾಕ್ಟಿವ್ ಅಂದ್ರ ಬಂದವ್ರು ಬರೇ ನೋಡಿ ಹೋಗದ ಏನರೆ ಕೇಳಿ, ತುಂಬಿ, ಒತ್ತಿ ಉತ್ತರ ತಗೊಂಡು ಹೋಗೋದು. ನಿಮಗ ಅಂತೂ ಇದು ಹೇಳಿ ಮಾಡಿಸಿದ್ದೈತಿ. ಮದವಿ ಮಾಡೋರು ಕೇಳೋ ಮೊದಲ್ನೇ ಮಾತು ಏನು, ಇಷ್ಟು ಮಂದಿಗೆ ಎಷ್ಟು ಚೀಲ ಬೇಕು ಅಂತ. ಅದಕ್ಕೊಂದು ಲೆಕ್ಕದ ಪೇಜ್ ಮಾಡ್ರಿ. ಎಷ್ಟು ಮಂದಿ, ಜ್ವಾಳದ ರೊಟ್ಟಿ ಐತೋ ಬರೇ ಅನ್ನ-ಸಾರೋ, ಹಳೇ ಸೋನಾ ಮಸೂರಿನೋ ಹೊಸದೋ, ಯಾಕಂದ್ರ ಹಳೇ ಅಕ್ಕಿ ಅನ್ನ ಹೆಚ್ಚಾಗ್ತೈತಿ, ಇಷ್ಟು ಒತ್ತಿದ್ರ ಕೆಜಿ ಎಷ್ಟು, ಚೀಲ ಎಷ್ಟು ಅಂತ ಬರಬೇಕು. ತಲಿಗೆ ಎಷ್ಟು ಹಿಡೀಬೇಕು ಅನ್ನೋದನ್ನ ನಿಮ್ಮ ಕಡೆ ಅಡಗಿ ಮಾಡೋರನ್ನ ಕೂಡಿಸ್ಕೊಂಡು ಗಟ್ಟಿ ಮಾಡ್ಕೊಳ್ರಿ, ಎಂಜಿನಿಯರಿಂಗ್ ಓದೋ ಹುಡುಗ ಒಬ್ಬ ಇಂಥ ಪೇಜ್ ಒಂದೆರಡು ದಿನದಾಗ ಮಾಡ್ತಾನ. ಕ್ಯಾಟರಿಂಗ್‌ನವ್ರು, ಕಲ್ಯಾಣ ಮಂಟಪದವ್ರು ಅದನ್ನ ತಮ್ಮ ಗಿರಾಕಿಗೆ ಕಳಿಸ್ತಾರ, ಯಾಕಂದ್ರ ಅವ್ರಿಗೂ ಅದು ಬೇಕು.

ವಾಟ್ಸಾಪ್ ಬ್ರಾಡ್‌ಕಾಸ್ಟ್ ಲಿಸ್ಟಿಗೆ 256 ಮಂದಿ ಮಿತಿ, ಅದ್ರಾಗೂ ನಿಮ್ಮ ನಂಬರ್ ಸೇವ್ ಮಾಡಿದವ್ರಿಗೆ ಮಾತ್ರ ಹೋಗ್ತೈತಿ, ಅದಕ್ಕ ಬಿಲ್ ಕೊಡೋವಾಗ ನಂಬರ್ ಸೇವ್ ಮಾಡ್ಕೊಳ್ರಿ ಅಂತ ಹೇಳ್ರಿ. ದಿನಾ ರೇಟ್ ಕಳಿಸೋದಾದ್ರ ಅದಕ್ಕ ಚಾನೆಲ್ ಛಲೋ, ಅಲ್ಲೇ ವಾರಕ್ಕೊಂದು ಪೋಲ್ ಹಾಕಿ 'ಈ ಸಲ ಯಾವ ಅಕ್ಕಿ ತಗೊಂಡ್ರಿ' ಅಂತ ಕೇಳ್ರಿ, ಬಂದ ಉತ್ತರ ಮುಂದಿನ ವಾರ ಸೈಟಿನ್ಯಾಗ ಹಾಕ್ರಿ. ಒಂದೊಂದು ಕಡೆ ಹಾಕೋ ಲಿಂಕಿಗೆ ಬ್ಯಾರೆ ಬ್ಯಾರೆ ಯುಟಿಎಂ ಟ್ಯಾಗ್ (ಎಲ್ಲಿಂದ ಬಂದ್ರು ಅಂತ ಹೇಳಾಕ ವಿಳಾಸದ ಕೊನಿಗೆ ಸೇರಿಸೋ ಗುರ್ತು) ಇರಲಿ, ಆಗ ಸೈಟಿಗೆ ಬಂದವ್ರ ಲೆಕ್ಕ ಇಡೋ ಅನಾಲಿಟಿಕ್ಸ್‌ನ್ಯಾಗ ಯಾವ ಕಡೆಯಿಂದ ಎಷ್ಟು ಮಂದಿ ಬಂದ್ರು ಅಂತ ಗೊತ್ತಾಗ್ತೈತಿ, ಇಲ್ಲಾಂದ್ರ ವಾಟ್ಸಾಪಿಂದ ಬಂದವ್ರು ಡೈರೆಕ್ಟ್ ಅನ್ನೋ ಗುಂಪಿನ್ಯಾಗ ಸೇರಿ ಲೆಕ್ಕ ತಪ್ತೈತಿ.

ಪ್ರಶ್ನೆ: ಕಿನ್ನಾಳ ಗೊಂಬಿ ಮಾಡ್ತೀವ್ರಿ. ರೊಕ್ಕ ಹಾಕೋ ಶಕ್ತಿ ಇಲ್ಲ. ಸೈಟಿಗೆ ಮಂದಿ ಬರಾಕ ಎಷ್ಟು ದಿನ ಬೇಕು? ವಿಕಿಪೀಡಿಯಾದಾಗ ನಮ್ಮ ಲಿಂಕ್ ಹಾಕಬಹುದಾ?

ಉತ್ತರ: ನಾಕು ತಿಂಗಳಿಂದ ಒಂದು ವರ್ಷ ಅಂತ ಗೂಗಲ್‌ನವರ ಹೇಳ್ಯಾರ, ಅಷ್ಟು ತಾಳ್ಮಿ ಇಟ್ಕೊಳ್ರಿ. ವಿಕಿಪೀಡಿಯಾದಾಗ ನಿಮ್ಮ ಅಂಗಡಿ ಲಿಂಕ್ ಹಾಕಬ್ಯಾಡ್ರಿ, ತಗದು ಹಾಕ್ತಾರ, ಅಲ್ಲಿ ಲಿಂಕೆಲ್ಲಾ ನೋಫಾಲೋ, ರ್‍ಯಾಂಕಿಗೆ ಲಾಭ ಇಲ್ಲ. ಬದಲಿಗೆ ನೀವು ಕಟಗಿ ಕೆತ್ತೋದು, ಹುಣಸಿ ಬೀಜದ ಅಂಟು ಕಲಸಿ ಕಿಟ್ಟ (ಗೊಂಬಿಗೆ ಮೆತ್ತೋ ಲೇಪ) ಮಾಡೋದು, ಬಣ್ಣ ಹಚ್ಚೋದು ಇವುಗಳ ಒಳ್ಳೆ ಫೋಟೋ ಯಾರು ಬೇಕಾದ್ರೂ ಫೋಟೋ ತಗೊಂಡು ಬಳಸೋ ವಿಕಿಮೀಡಿಯಾ ಕಾಮನ್ಸ್ ಸೈಟಿಗೆ ಹೆಸರು ಹೇಳಿ ಬಳಸ್ರಿ ಅನ್ನೋ ಲೈಸೆನ್ಸ್‌ನ್ಯಾಗ ಕೊಡ್ರಿ. ಆ ಫೋಟೋ ಯಾರು ತಗೊಂಡ್ರೂ ನಿಮ್ಮ ಹೆಸರು ಹಾಕಬೇಕಾಗ್ತೈತಿ, ಬಳಸಿದವ್ರಿಗೆ ಒಂದು ಮೇಲ್ ಹಾಕಿ ಸೈಟಿನ ಲಿಂಕ್‌ನೂ ಸೇರಿಸ್ರಿ ಅಂತ ಕೇಳಿದ್ರ ಬಹಳ ಮಂದಿ ಇಲ್ಲ ಅನ್ನಂಗಿಲ್ಲ. ಎಲ್ಲಾ ಫೋಟೋ ಕೊಟ್ಬಿಡಬ್ಯಾಡ್ರಿ, ಮಾರಾಟಕ್ಕ ಇಟ್ಟ ಗೊಂಬಿಗಳ ಫೋಟೋ ನಿಮ್ಮ ಹತ್ರಾನ ಇರಲಿ.

ಜಿಐ ಟ್ಯಾಗ್ (ಇದು ಇಂಥ ಊರಿಂದ ಅಂತ ಸರ್ಕಾರ ಕೊಡೋ ಗುರ್ತು) ಇರೋ ಕಲೆ ನಿಮ್ದು, ಕರಕುಶಲ ವಸ್ತು ಮ್ಯಾಲ ಬರಿಯೋರು ಇರ್ತಾರ, ಆದ್ರ ಅವ್ರು ಹುಡುಕಿದಾಗ ನಿಮ್ಮ ಪೇಜ್ ತಗಿಯಾಕ ಹತ್ತು ಸೆಕೆಂಡ್ ಹತ್ತಿದ್ರ ವಾಪಸ್ ಹೋಗ್ತಾರ. ಪೇಜಿನ ದೊಡ್ಡ ಫೋಟೋ ಎರಡೂವರೆ ಸೆಕೆಂಡಿನೊಳಗ ಕಾಣಬೇಕು ಅಂತ ಗೂಗಲ್ ಲೆಕ್ಕ. ಮೊಬೈಲ್‌ನ್ಯಾಗ ತಗದ ಐದು ಎಂಬಿ ಫೋಟೋ ಹಂಗ ಏರಿಸಬ್ಯಾಡ್ರಿ, ಫೋಟೋ ಹಗುರ ಮಾಡೋ ವೆಬ್‌ಪಿ ಅನ್ನೋ ನಮೂನಿಗೆ ಬದಲಿಸಿ ನೂರಿನ್ನೂರು ಕೆಬಿಗೆ ಇಳಿಸ್ರಿ. ಫೈಲಿಗೆ ಕ್ಯಾಮೆರಾ ಕೊಟ್ಟ ನಂಬರ್ ಬಿಟ್ಟು ಗೊಂಬಿ ಹೆಸರು, ಊರ ಹೆಸರು ಇಡ್ರಿ, ಫೋಟೋ ಕೆಳಗ ಕನ್ನಡ-ಇಂಗ್ಲಿಷ್ ಎರಡರಾಗೂ ಒಂದು ಸಾಲು ಬರೀರಿ, ಎತ್ತರ ಎಷ್ಟು, ಮಾಡಾಕ ಎಷ್ಟು ದಿನ ಹಿಡೀತೈತಿ, ಪಾರ್ಸೆಲ್ ಹೆಂಗ ಕಳಿಸ್ತೀರಿ. ಮೂರು ತಿಂಗಳ ಮ್ಯಾಲ ಸರ್ಚ್ ಕನ್ಸೋಲ್ ತಗದು, ಯಾವ ಮಾತು ಹುಡುಕಿದಾಗ ನಿಮ್ಮ ಪೇಜ್ ಎಂಟರಿಂದ ಇಪ್ಪತ್ತನೇ ಜಾಗದಾಗ ಬರಾಕತ್ತೈತಿ ನೋಡಿ, ಅದ ಪೇಜಿನ ತಲೆಬರಹ ಮೊದಲು ತಿದ್ರಿ.