ಬಾಳೆಹಣ್ಣು, ಆಲೂಗಡ್ಡೆ ಬಿಟ್ಟ ಮೇಲೆ ಪೊಟ್ಯಾಸಿಯಂ ಎಲ್ಲಿಂದ ತರೋದು?

ಅನ್ನ, ರೊಟ್ಟಿ ಬಿಟ್ಟು ಮೂರು ವಾರ ಆಯ್ತು, ರಾತ್ರಿ ಮೀನಖಂಡ ಹಿಡ್ಕೋತಾವೆ, ಪೊಟ್ಯಾಸಿಯಂ ಕಡಿಮೆಯಾಗಿರಬೇಕು ಅಂತಾರೆ, ಆದ್ರೆ ಬಾಳೆಹಣ್ಣು ತಿಂದ್ರೆ ಡಯಟ್ ಕೆಡುತ್ತೆ, ಏನ್ ಮಾಡ್ಲಿ ಅಂತ ಕೇಳಿದ್ದೀರಿ.

ನಾನು ಗಂಗಾವತಿಯವನು, ಅದೂ ರೈಸ್ ಮಿಲ್ಲಿನಲ್ಲಿ ಲೆಕ್ಕ ಬರೆಯೋನು. ಸುತ್ತ ಸೋನಾ ಮಸೂರಿ ಮೂಟೆ, ಮುಂಜಾನೆಯಾದ್ರೆ ಎಲ್ಲರ ಕೈಯಲ್ಲೂ ಒಗ್ಗರಣಿ-ಮಿರ್ಚಿ. ಲೋ-ಕಾರ್ಬ್, ಅಂದ್ರೆ ಪಿಷ್ಟ-ಸಕ್ಕರೆ ಕಡಿಮೆ ಇರೋ ಊಟ, ಅಂದಾಗ ಹಮಾಲರೆಲ್ಲ ನಕ್ಕರು. ಮೊದಲ ತಿಂಗಳು ಮೊಟ್ಟೆ, ಪನೀರಿನಲ್ಲೇ ದಿನ ದೂಡಿದೆ. ಕಾಲು ಹಿಡಿದದ್ದು ಆವಾಗಲೇ. ಒಂದು ಮೊಟ್ಟೆಯಲ್ಲಿ ಪೊಟ್ಯಾಸಿಯಂ 70 ಮಿಲಿಗ್ರಾಂ ಇದ್ರೆ ಹೆಚ್ಚು. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳೋದು ದಿನಕ್ಕೆ ಕನಿಷ್ಠ 3,510. ಐವತ್ತು ಮೊಟ್ಟೆ ಯಾರು ತಿಂತಾರ್ರಿ?

ಮೊದಲು ಉಪ್ಪು ನೋಡ್ಕೊಳ್ಳಿ. ಕಾರ್ಬ್ ಇಳಿಸಿದಾಗ ಇನ್ಸುಲಿನ್ ಇಳಿಯುತ್ತೆ, ಕಿಡ್ನಿ ಸೋಡಿಯಂ ಹೊರಗೆ ಹಾಕುತ್ತೆ, ಅದರ ಹಿಂದೆ ನೀರೂ ಹೋಗುತ್ತೆ. ಮೊದಲ ವಾರದಲ್ಲಿ ಇಳಿದ ತೂಕದಲ್ಲಿ ಬಹಳಷ್ಟು ಆ ನೀರೇ. ಇದ್ದ ಸೋಡಿಯಂ ಉಳಿಸಿಕೊಳ್ಳೋಕೆ ಹೋಗಿ ದೇಹ ಪೊಟ್ಯಾಸಿಯಂ ಕಳ್ಕೊಳ್ಳುತ್ತೆ. ಮೇಲೆ ನಮ್ಮ ಬಿಸಿಲಿನ ಬೆವರು ಬೇರೆ. ಬಿಪಿ, ಕಿಡ್ನಿ ತೊಂದರೆ ಇಲ್ಲದಿದ್ರೆ ಉಪ್ಪು ಹಾಕಿದ ಮಜ್ಜಿಗೆ ಎರಡು ಲೋಟ ಕುಡೀರಿ.

ಇನ್ನು ಪೊಟ್ಯಾಸಿಯಂ. ಅದು ಸಂತೆಯಲ್ಲಿ ಕಟ್ಟು ಕಟ್ಟಾಗಿ ಬಿದ್ದಿರುತ್ತೆ: ತಪ್ಪಲು ಪಲ್ಯ. ನೂರು ಗ್ರಾಂ ಹಸಿ ರಾಜಗಿರಿಯಲ್ಲಿ ಸುಮಾರು 600 ಮಿಲಿಗ್ರಾಂ, ಪಾಲಕ್‌ನಲ್ಲಿ 550, ಹೊಲದ ಬದುವಿನಲ್ಲಿ ತಾನಾಗೇ ಹಬ್ಬೋ ಗೋಳಿ ಪಲ್ಯದಲ್ಲಿ 490ರ ಹತ್ತಿರ. ಕಾರ್ಬ್ ನಾಲ್ಕು ಗ್ರಾಂ ಆಸುಪಾಸು, ಅದರಲ್ಲೂ ಅರ್ಧ ನಾರು. ಮಧ್ಯಮ ಗಾತ್ರದ ಒಂದು ಬಾಳೆಹಣ್ಣಿನದು 420, ಕಾರ್ಬ್ ಮಾತ್ರ 27 ಗ್ರಾಂ. ಆದರೆ ಎರಡು ರೊಟ್ಟಿ ನಡುವೆ ಚಮಚದಷ್ಟು ಪಲ್ಯ ಇಟ್ಕೊಂಡು ತಿನ್ನೋ ಅಭ್ಯಾಸ ನಮ್ಮದು. ರೊಟ್ಟಿ ತೆಗೆದಾಗ ಪಲ್ಯವನ್ನೂ ಅಷ್ಟಕ್ಕೇ ಬಿಟ್ಟಿದ್ದೆ, ಅಲ್ಲೇ ನಾನು ತಪ್ಪಿದ್ದು. ಈಗ ಒಂದೂಟಕ್ಕೆ ಇಡೀ ದೊಡ್ಡ ಕಟ್ಟು, ಶೇಂಗಾ ಪುಡಿ, ಬಳ್ಳೊಳ್ಳಿ ಒಗ್ಗರಣೆ, ತಟ್ಟೆ ತುಂಬ. ಅವ್ವ ಮೊದಲು ‘ದನ ತಿಂದಂಗ ತಿಂತಿಯಲ್ಲೋ’ ಅಂದಳು, ಈಗ ಅವಳೇ ಸೋಸಿ ಇಡ್ತಾಳೆ.

ಕುದಿಸಿ ನೀರು ಚೆಲ್ಲಬೇಡಿ, ಪೊಟ್ಯಾಸಿಯಂ ಆ ನೀರಿಗಿಳಿದಿರುತ್ತೆ. ನಮ್ಮನೇಲಿ ಪುಂಡಿಪಲ್ಯದ ಹುಳಿ ಮುರಿಯಲಿ ಅಂತ ಚೆಲ್ತಿದ್ರು. (ಪುಂಡಿಪಲ್ಯಕ್ಕೆ ಜೋಳದ ನುಚ್ಚು ಹಾಕ್ತಾರೆ, ಅದನ್ನೂ ಲೆಕ್ಕಕ್ಕೆ ಹಿಡೀರಿ.) ಕಿಡ್ನಿಯಲ್ಲಿ ಕಲ್ಲು ಆಗಿದ್ದವರು ಪಾಲಕ್, ರಾಜಗಿರಿ ಇಷ್ಟು ತಿನ್ನಬಾರದು, ಕಲ್ಲು ಕಟ್ಟಿಸೋ ಆಕ್ಸಲೇಟ್ ಅವುಗಳಲ್ಲಿ ಜಾಸ್ತಿ.

ಉಳಿದದ್ದು ಹೀಗೇ ಕೂಡುತ್ತೆ. ಮೀನು ಅಥವಾ ಚಿಕನ್ 200 ಗ್ರಾಂ ಅಂದ್ರೆ 500-600 ಮಿಲಿಗ್ರಾಂ, ಒಂದು ಬಟ್ಟಲು ಮೊಸರು 300, ಒಂದು ಹಿಡಿ ಶೇಂಗಾ 200, ಬದನೆಕಾಯಿ ಎಣಗಾಯಿ 300. ಎಳನೀರು ಒಂದು ಲೋಟಕ್ಕೆ 500ರ ಮೇಲೆ, ಕಾರ್ಬ್ 8-9 ಗ್ರಾಂ. ಬೇಸಿಗೆಯಲ್ಲಿ ನಾನಂತೂ ಬಿಡಲ್ಲ.

ಒಂದು ತಪ್ಪು ಹೇಳಲೇಬೇಕು. ಅವಸರ ಮಾಡಿ ಲೋ-ಸೋಡಿಯಂ ಉಪ್ಪು ತಂದೆ. ಅದರಲ್ಲಿ ಸೋಡಿಯಂ ಬದಲು ಒಂದು ಪಾಲು ಪೊಟ್ಯಾಸಿಯಂ ಕ್ಲೋರೈಡ್ ಇರುತ್ತೆ. ಡಬ್ಬಿ ಅಡುಗೆಮನೆಗೆ ಹೋಯ್ತು, ಎಲ್ಲರ ಸಾರಿಗೂ ಬಿತ್ತು. ಅಪ್ಪ ಬಿಪಿಗೆ ಟೆಲ್ಮಿಸಾರ್ಟಾನ್ ತಗೋತಾರೆ, ಆ ಮಾತ್ರೆ ಪೊಟ್ಯಾಸಿಯಂ ಹೊರಗೆ ಹೋಗದಂತೆ ತಡೆಯುತ್ತೆ. ಎರಡು ತಿಂಗಳ ನಂತರ ರಕ್ತಪರೀಕ್ಷೆಯಲ್ಲಿ ಅಪ್ಪನ ಪೊಟ್ಯಾಸಿಯಂ 5.7 ಬಂತು. 3.5ರಿಂದ 5 ಇರಬೇಕಾದದ್ದು. ಹೆಚ್ಚಾದ್ರೆ ಹೃದಯದ ಬಡಿತವೇ ತಪ್ಪುತ್ತೆ ಅಂತ ಡಾಕ್ಟರು ನನ್ನನ್ನೇ ಬೈದರು. ಉಪ್ಪು ಬದಲಿಸಿದ ಮೇಲೆ ಇಳೀತು.

ಬಿಪಿ, ಹೃದಯಕ್ಕೆ ಕೊಡೋ ರಾಮಿಪ್ರಿಲ್, ಎನಾಲಾಪ್ರಿಲ್, ಲೋಸಾರ್ಟಾನ್, ಸ್ಪೈರೊನೊಲ್ಯಾಕ್ಟೋನ್ ಮಾತ್ರೆ ತಗೊಳ್ಳೋರಿಗೂ ಇದೇ ಮಾತು. ಮೆಡಿಕಲ್ ಶಾಪಿನಿಂದ ಪೊಟ್ಯಾಸಿಯಂ ಸಿರಪ್ ತಾವಾಗಿ ತಂದು ಕುಡಿಯೋದಂತೂ ಬೇಡವೇ ಬೇಡ. ಮೀನಖಂಡ ಹಿಡಿಯೋಕೆ ಪೊಟ್ಯಾಸಿಯಂ ಒಂದೇ ಕಾರಣವೂ ಅಲ್ಲ. ರಕ್ತದ ಸೋಡಿಯಂ-ಪೊಟ್ಯಾಸಿಯಂ ತೋರಿಸೋ ಸೀರಂ ಎಲೆಕ್ಟ್ರೊಲೈಟ್ಸ್, ಕಿಡ್ನಿ ಹೇಗಿದೆ ಅಂತ ತೋರಿಸೋ ಕ್ರಿಯಾಟಿನಿನ್ ಪರೀಕ್ಷೆ ಒಮ್ಮೆ ಮಾಡಿಸಿ. ಶುಗರ್ ಮಾತ್ರೆ ಅಥವಾ ಇನ್ಸುಲಿನ್ ಮೇಲಿದ್ದೀರಾ ಅಂತ ನೀವು ಬರೆದಿಲ್ಲ. ಇದ್ದರೆ ಕಾರ್ಬ್ ಇಳಿಸಿದ ಸುದ್ದಿ ನಾಳೆಯೇ ಡಾಕ್ಟರಿಗೆ ಹೇಳಿ, ಡೋಸ್ ಬದಲಾಗಬೇಕಾಗುತ್ತೆ.